ಮೂರನೆಯ ಜೋಡಿಯ ಸಣ್ಣ ತಂತಿ

ತಮ್ಮನ ಬೇಸ್ ಗಿಟಾರಿಗೆ ಎಂಟು ತಂತಿ. ದೂರದಿಂದ ನೋಡಿದರೆ ನಾಲ್ಕೇ ಅನ್ನಿಸುತ್ತದೆ, ಯಾಕೆಂದರೆ ಪ್ರತಿ ದಪ್ಪ ತಂತಿಯ ಮಗ್ಗುಲಲ್ಲೇ ಒಂದು ಸಣ್ಣ ತಂತಿ ಇದೆ. ಒಂದೇ ಬೆರಳು ಎರಡನ್ನೂ ಒತ್ತುತ್ತದೆ. ದಪ್ಪ ತಂತಿ ನುಡಿದ ಸ್ವರವನ್ನೇ ಸಣ್ಣದು ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಸೇಡಂ, ಚಿಂಚೋಳಿ ಕಡೆಯ ಮದುವೆಗಳಿಗೆ ಹೋಗುತ್ತಿದ್ದ ಅವನ ಆರ್ಕೆಸ್ಟ್ರಾದಲ್ಲಿ ಬೇರೆ ಗಿಟಾರ್ ಇರಲಿಲ್ಲ. ಒಂದರಲ್ಲೇ ಎರಡರ ಕೆಲಸ ಆಗುತ್ತದೆ ಎಂದು ಇದನ್ನು ತಂದಿದ್ದ.

ಮೂರನೆಯ ಜೋಡಿಯನ್ನು ಮಾತ್ರ ಅವನು ಎಲ್ಲರಂತೆ ಶ್ರುತಿ ಮಾಡುತ್ತಿರಲಿಲ್ಲ. ಅದರ ಸಣ್ಣ ತಂತಿಯನ್ನು ಇಳಿಸಿ ಬೇರೆ ಯಾವುದೋ ಸ್ವರಕ್ಕೆ ನಿಲ್ಲಿಸಿದ್ದ. ಸಿಮೆಂಟ್ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಬಂದ ಸಂಜೆ ಕರೆಂಟಿನ ಗೊಡವೆಯಿಲ್ಲದೆ ಕಟ್ಟೆಯ ಮೇಲೆ ಕೂತು ಆ ಒಂದು ಜೋಡಿಯನ್ನೇ ಮೀಟುತ್ತಿದ್ದ. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಕೇಳುತ್ತಿದ್ದೆ ಎಂಬುದೂ ಆಗ ನನಗೆ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನನ್ನು ಕಲಬುರಗಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಅಜ್ಜ ಏಕತಾರಿ ಹಿಡಿದು ಭಜನೆ ಹಾಡುತ್ತಿದ್ದವರು. ಅವರು ತೀರಿಕೊಂಡಾಗ ಅದರ ತಂತಿ ಸಡಿಲಿಸಿ ಗೋಡೆಗೆ ಆನಿಸಿ ಇಟ್ಟಿದ್ದರಂತೆ. ನುಡಿಸುವವನು ಮಲಗಿದ ಮೇಲೆ ತಂತಿ ಬಿಗಿದುಕೊಂಡಿರಬಾರದು ಎಂಬುದು ನಮ್ಮ ಮನೆಯ ರೂಢಿ. ಹಾಗಾಗಿ ತಮ್ಮನಿಗೆ ಮಣ್ಣು ಕೊಟ್ಟು ಬಂದ ದಿನ, ಮನೆ ತೊಳೆದಾದ ಮೇಲೆ, ಅವ್ವ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಂಟೂ ತಂತಿ ಸಡಿಲ ಬಿಟ್ಟಳು. ಒದ್ದೆ ಬಟ್ಟೆಯಿಂದ ಒರೆಸಿದಳು. ನಾನು ಪಕ್ಕದಲ್ಲೇ ಕೂತು ನೋಡಿದೆ. ಆ ತಂತಿಗಳ ಜೊತೆ ಏನು ಕಳೆದುಹೋಗುತ್ತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ತಂತಿಗಳಿಗೆ ತುಕ್ಕು ಹಿಡಿದಿತ್ತು. ವರ್ಷದ ಕಾರ್ಯ ಹತ್ತಿರ ಬಂದಾಗ, ಆ ಜೋಡಿಯ ದನಿಯನ್ನು ಒಮ್ಮೆಯಾದರೂ ಮನೆಯಲ್ಲಿ ಕೇಳಬೇಕು ಅನ್ನಿಸಿತು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ತಮ್ಮನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬಂದು ಹಳೆಯ ತಂತಿಗಳನ್ನು ಬಿಚ್ಚಿಕೊಂಡು ಹೈದರಾಬಾದಿನ ಅಂಗಡಿಗೆ ಒಯ್ದು, ದಪ್ಪ ಅಳೆಸಿ, ಹೊಸವನ್ನು ತಂದ. ಅವುಗಳನ್ನು ಹಿಡಿದು ಸೇಡಂನಿಂದ ರೈಲಿನಲ್ಲಿ ನಮ್ಮ ಶಹಾಬಾದಿಗೆ ಬಂದು ಇಳಿದಾಗ ಮಧ್ಯಾಹ್ನವಾಗಿತ್ತು.

“ಬಾರಪ್ಪಾ, ಕುಂದ್ರು. ವಾಡಿದಾಗ ಗಾಡಿ ಭಾಳ ಹೊತ್ತು ನಿಂದ್ರಿಸಿದ್ರೇನು?” ಎಂದಳು ಅವ್ವ.

“ವಾಡಿ ಬಿಡ್ರಿ ಯವ್ವಾ, ಚಿತ್ತಾಪುರದಾಗೇ ಒಂದು ನಿದ್ದಿ ಆತು,” ಎಂದು ನಕ್ಕ ಅವನು.

ಏಳು ತಂತಿಗಳನ್ನು ಬೇಗ ಬಿಗಿದ. ಮೂರನೆಯ ಜೋಡಿಯ ಸಣ್ಣ ತಂತಿಗೆ ಬಂದಾಗ ಕೈ ನಿಂತಿತು.

“ಅಕ್ಕಾ, ಇದೊಂದೇ ತ್ರಾಸ ಅದ. ಅಂಗಡಿಯವ್ರು ಅಂದ್ರು, ಈ ತಂತಿ ಯಾವ ಸೆಟ್ಟಿಂದೂ ಅಲ್ಲ, ಇರಬೇಕಾದ್ದಕ್ಕಿಂತ ದಪ್ಪ ಅದ. ಅಂದ್ರ ಶ್ರುತಿ ಕೆಳಗಿಟ್ಟಿದ್ದ. ಎಷ್ಟು ಕೆಳಗ ಅನ್ನೂದು ತಂತಿ ಹೇಳಲ್ರಿ.”

“ನೀ ಅವನ ಬಾಜೂಕೇ ನಿಂದರ್ತಿದ್ದೆಲ್ಲ?” ಎಂದೆ.

“ನಿಂದರ್ತಿದ್ದೆ. ಬ್ಯಾಂಡಿನ ಗದ್ದಲದಾಗ ಏನ್ ಕೇಳ್ತದ? ಅವ ಈ ಜೋಡಿ ಮುಟ್ಟೂದೇ ಕಮ್ಮಿ. ಅದೂ ಅಲ್ದ, ಅವ ಶ್ರುತಿ ಮಾಡೂದ್ರಾಗ ಮೆರವಣಿಗಿ ಊರು ದಾಟಿ ಹೋಗ್ತಿತ್ತು.”

ಅವ್ವನೂ ಸಣ್ಣಗೆ ನಕ್ಕಳು. ಮದುವೆಯ ವಿಡಿಯೊಗಳನ್ನು ನಾವು ಮೊದಲೇ ನೋಡಿದ್ದೆವು. ಅವುಗಳಲ್ಲಿ ಡ್ರಮ್ಮು, ಹಾರ್ನು, ಜನರ ಕೂಗು. ಕಟ್ಟೆಯ ಮೇಲಿನ ಸಂಜೆಯನ್ನು ಯಾರೂ ಫೋನಿನಲ್ಲಿ ಹಿಡಿದಿರಲಿಲ್ಲ.

“ನಿಮ್ಮ ಕಿವಿಯಾಗ ಅದ ಅಲ್ರಿ?” ಎಂದು ಕೇಳಿದ. “ನಾ ಏರಸ್ತ ಬರ್ತೀನಿ. ಸರಿ ಅನ್ಸಿದಲ್ಲಿ ತಡೀರಿ.”

ಇತ್ತು. ಅವತ್ತು ಬೆಳಗ್ಗೆ ಅಂಗಳ ಗುಡಿಸುವಾಗಲೂ ಇತ್ತು. ಅವನು ತಂತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ದಪ್ಪ ತಂತಿಯ ಜೊತೆ ಸೇರಿಸಿ ಮೀಟಿದ. ಒಂದು ಕಡೆ ಹತ್ತಿರ ಬಂದಂತೆ ಆಯಿತು. ತಡಿ ಎಂದೆ. ಇನ್ನೊಮ್ಮೆ ಮೀಟಿದಾಗ ಅದಲ್ಲ. ಸ್ವಲ್ಪ ಇಳಿಸಿದ. ಅದೂ ಹೌದು ಅನ್ನಿಸಿತು.

ಅವ್ವನ ಕಡೆ ತಿರುಗಿ, “ನೀ ಹೇಳವ್ವಾ,” ಎಂದೆ.

“ಹ್ಞೂಂ, ಇದೇ ನೋಡು,” ಎಂದಳು.

ಅವನು ಮತ್ತೊಂದು ಸ್ವರಕ್ಕೆ ನಿಲ್ಲಿಸಿ ಮೀಟಿದ.

“ಹ್ಞೂಂ, ಇದೇ. ಹಿಂಗೇ ಬಾರಸ್ತಿದ್ದ.”

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಮೇಲೂ ಅವನು ಏರಿಸಿದ, ಇಳಿಸಿದ. ಎಲ್ಲದಕ್ಕೂ ಅವ್ವ ಕಣ್ಣು ಮುಚ್ಚಿ ತಲೆಯಾಡಿಸಿದಳು. ಮಗನ ತಂತಿಯಿಂದ ಬಂದದ್ದೆಲ್ಲ ಅವಳಿಗೆ ಮಗನದೇ. ನನಗೆ ಹಾಗಾಗಲಿಲ್ಲ. ಒಂದೊಂದು ತಪ್ಪು ಸ್ವರ ಕೇಳಿದಾಗಲೂ ಕಿವಿಯಲ್ಲಿದ್ದುದು ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತಿತ್ತು. ಸಾಕು ಎನ್ನಬೇಕು ಅನ್ನಿಸಿದರೂ, ಮುಂದಿನದೇ ಅದಾಗಿದ್ದರೆ ಎಂದು ಮತ್ತೆ ಕಿವಿಗೊಟ್ಟೆ. ಕೊನೆಗೆ, ಒಳಗೆ ಹುಡುಕಿಕೊಂಡರೆ, ಈಗಷ್ಟೇ ಕೇಳಿದ್ದು ಮಾತ್ರ ಉಳಿದಿತ್ತು.

“ಎಲ್ಲಿಗಿ ಬಿಡ್ಲಿ ಅಕ್ಕಾ?”

ಗೊತ್ತಿಲ್ಲವೆಂದು ಕೈಯಾಡಿಸಿದೆ. ರೈಲಿನ ಹೊತ್ತಾಗಿತ್ತು. ಅವನು ಆ ತಂತಿಯನ್ನು ಸಡಿಲಿಸಿ, ಗಿಟಾರನ್ನು ಗೋಡೆಗೆ ಆನಿಸಿ, ಚಪ್ಪಲಿ ಹಾಕಿಕೊಂಡ. “ನೆನಪಾದ್ರ ಫೋನ್ ಮಾಡ್ರಿ, ಬರ್ತೀನಿ,” ಎಂದ.

ಅವನು ಹೋದ ಮೇಲೆ ಅವ್ವ ಚಹಾದ ಲೋಟ ಎತ್ತುತ್ತ ಕೇಳಿದಳು, “ಶ್ರುತಿ ಕೂಡ್ತಲ್ಲ? ಚಲೋ ಆತು.”

“ಹ್ಞೂಂ ಅವ್ವಾ,” ಎಂದೆ.