ಮುದ್ರೆ ಮುಚ್ಚಿ ಓದುವ ಜೂರಕಾನ್

ಬೆಳಿಗ್ಗೆ ಆರೂವರೆ. ನರಿನ್ ನದಿ ದಂಡೆಯ ನಮ್ಮ ಪಟ್ಟಣದ ಕೋರ್ಟು ತೆರೆಯುವುದು ಒಂಬತ್ತಕ್ಕೆ. ಎದುರಿನ ಪಾಪ್ಲರ್ ಮರದ ಕೆಳಗೆ ಜೂರಕಾನ್ ಮಡಚುವ ಮೇಜು ಬಿಡಿಸಿ ಚಹಾ ಬಗ್ಗಿಸುವಷ್ಟರಲ್ಲಿ ರೊಟ್ಟಿ ಸುಡುವ ಕಲ್ಬೂಬೂ ಏದುಸಿರು ಬಿಡುತ್ತ ಬರುತ್ತಾಳೆ. ಕೈಯಲ್ಲಿ, ತಂದೂರಿ ಒಲೆಗೆ ಯಾರೋ ಅಂಟಿಸಿ ಹೋದ ಕಾಗದ.

"ಅಕ್ಕಾ, ಹನ್ನೆರಡರೊಳಗೆ ಒಲೆ ಕೆಡವ್ಬೇಕಂತೆ. ಮುದ್ರೆ ಬೇರೆ ಇದೆ! ನಾನೇ ಒಡೆದ್ಬಿಡ್ಲಾ? ಪುರಸಭೆಯವ್ರು ಬಂದ್ರೆ ಗೋಡೇನೂ ಬಿಡಲ್ಲ."

"ಕೂತ್ಕೊಳೇ ಮಾರಾಯ್ತಿ, ಮೊದ್ಲು ಓದೋಣ."

ಜೂರಕಾನ್ ನೀಲಿ ಮುದ್ರೆಯ ಮೇಲೆ ಅಂಗೈ ಇಟ್ಟು ಓದತೊಡಗುತ್ತಾರೆ. ಹನ್ನೊಂದು ವರ್ಷದಿಂದ, ದಿನಕ್ಕೆ ಹದಿನೈದಿಪ್ಪತ್ತು ಕಾಗದಗಳನ್ನು ಅವರು ಓದುವುದೇ ಹೀಗೆ. ಪತ್ರಿಕೆಗೆ ಬರೆಯಲೆಂದು ಪಕ್ಕದಲ್ಲಿ ಕೂತ ನನಗೆ ವಿವರಿಸುತ್ತಾರೆ: "ಮುದ್ರೆ ಕಂಡ್ರೆ ನಮ್ಮ ಜನಕ್ಕೆ ಬೇರೇನೂ ಕಾಣಲ್ಲ. ಮುಚ್ಚಿದ್ರೆ ಉಳಿಯೋದೇನು? ಯಾರೋ ಒಬ್ಬ ಹೀಗ್ಮಾಡು ಅಂದಿದ್ದಾನೆ, ಅಷ್ಟೆ. ಹಾಗನ್ನೋಕೆ ಯಾವ ಕಾನೂನು ಅವನಿಗೆ ಹೇಳ್ತು ಅಂತ ಆಮೇಲೆ ಹುಡುಕ್ತೀನಿ."

ಅವರು ವಕೀಲರಲ್ಲ. ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಟೈಪಿಸ್ಟ್ ಆಗಿದ್ದವರು. ಒಮ್ಮೆ ಸಾಹೇಬರು ಹೇಳಿದರೆಂದು ಒಂದು ಆದೇಶ ಟೈಪ್ ಮಾಡಿದರು: ಮನೆಯನ್ನು ಮೂರು ದಿನದಲ್ಲಿ ಖಾಲಿ ಮಾಡತಕ್ಕದ್ದು. ಆ ಮನೆಯವರು ಎರಡೇ ದಿನಕ್ಕೆ ಗಾಡಿ ಹೇರಿಕೊಂಡು ಹೋದರು. ಆದೇಶದ ಹಿಂದೆ ಕಾನೂನೇ ಇರಲಿಲ್ಲವೆಂದು ವರ್ಷದ ಮೇಲೆ ಗೊತ್ತಾಯಿತು. ಅವರು ಎಲ್ಲಿಗೆ ಹೋದರೆಂದು ಮಾತ್ರ ಗೊತ್ತಾಗಲಿಲ್ಲ.

"ಹೇಳಿದ್ದು ಸಾಹೇಬ್ರು. ಒತ್ತಿದ ಬೆರಳು ನಂದೇ ಅಲ್ವಾ?" ಎನ್ನುತ್ತಾರೆ. ನನಗೂ ಆ ದಿನ ನೆನಪಿದೆ. ನಾನಿದ್ದದ್ದು ಅದೇ ಬೀದಿಯಲ್ಲಿ. ಗಾಡಿ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ.

ಹಾಳೆ ಸಡಿಲವಾದ ಕಾನೂನು ಪುಸ್ತಕದಲ್ಲಿ ಈಗ ಅವರ ಬೆರಳು ಒಂದು ಕಡೆ ನಿಲ್ಲುತ್ತದೆ. "ನೋಡು, ಸುಳ್ಳು ಹೇಳಲ್ಲ. ನಿನ್ನ ಒಲೆ ರಸ್ತೆಗೆ ಬಂದಿದೆ, ತೆಗೆಸೋ ಅಧಿಕಾರ ಅವ್ರಿಗಿದೆ. ಆದ್ರೆ ತಕರಾರು ಹೇಳೋಕೆ ಕಾನೂನು ಹತ್ತು ದಿನ ಕೊಟ್ಟಿದೆ. ಅದನ್ನ ಈ ಕಾಗದ ನುಂಗಿಬಿಟ್ಟಿದೆ."

ಒಂಬತ್ತಕ್ಕೆ ಕೋರ್ಟಿನ ಕಿಟಕಿ ತೆರೆದಾಗ ಮೊದಲ ಅರ್ಜಿ, ಜೂರಕಾನ್ ಬರೆದುಕೊಟ್ಟ ಕಲ್ಬೂಬೂಳ ತಕರಾರು. ರಸೀದಿ ಹಿಡಿದು ಓಡುತ್ತಾಳೆ. ಜೂರಕಾನ್ ಬೇರೆಯವರ ಕಾಗದ ಓದುತ್ತಾರೆ, ಗಡಿಯಾರ ನೋಡುತ್ತಾರೆ, ಓದಿದ ಸಾಲನ್ನೇ ಮತ್ತೆ ಓದುತ್ತಾರೆ. ಚಹಾ ಆರಿಹೋಗಿದೆ. ಹನ್ನೆರಡು ದಾಟುತ್ತದೆ. ಸುದ್ದಿ ಹೊತ್ತು ಯಾರೂ ಬರುವುದಿಲ್ಲ.

ಹನ್ನೆರಡೂಮುಕ್ಕಾಲಿಗೆ ಕಲ್ಬೂಬೂ ಬಿಸಿ ರೊಟ್ಟಿಯೊಂದಿಗೆ ಹಾಜರು. "ರಸೀದಿ ನೋಡಿ ವಾಪಸ್ ಹೋದ್ರಕ್ಕಾ! ನಾಚಿಕೆಗೆಟ್ಟೋರು, ಹೋಗ್ತಾ ನನ್ ರೊಟ್ಟೀನೇ ತಿಂದ್ಕೊಂಡ್ ಹೋದ್ರು."

ಜೂರಕಾನ್ ರೊಟ್ಟಿ ಮುರಿದು ನನಗೂ ಕೊಡುತ್ತಾರೆ. ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ.

"ನೀವು ಪತ್ರಿಕೆಯವ್ರು, ನಾಕು ಊರು ತಿರುಗ್ತೀರಿ. ಆ ಮನೆಯವ್ರು ಎಲ್ಲಾದ್ರೂ ಸಿಕ್ಕಿದ್ರೆ ಇಲ್ಲಿಗೆ ಕಳ್ಸಿ. ಅವ್ರ ಕಾಗದದ ಪ್ರತಿ ಇಟ್ಕೊಂಡಿದ್ದೀನಿ. ಮುದ್ರೆ ಮುಚ್ಚಿ ಒಂದ್ಸಲ ಅವ್ರಿಗೆ ಓದಿ ಹೇಳ್ಬೇಕು, ನೀವು ಹೋಗ್ಬೇಕಾಗಿರ್ಲಿಲ್ಲ ಅಂತ."