ವೇಮಗಲ್ಲಿನ ಒಂದು 'ಎ'

ತಾಯಲೂರಿನ ಅಮರನಾಥ್ ನಮ್ಮ ವೇಮಗಲ್ ಫ್ಯಾಕ್ಟರಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದವನು. ಸರ್ವರ್ ರೂಮಿನ ಏಸಿ ರಿಪೇರಿಗೆ ಒಳಗೆ ಹೋದವನನ್ನು ಆಫೀಸಿನವರು ಅಲ್ಲೇ ಕೂರಿಸಿಕೊಂಡರು. ಹನ್ನೊಂದು ವರ್ಷವಾಯಿತು. ಕೆಲಸ ಕಲಿಸಿದವರು ಯಾರೂ ಇಲ್ಲ, ಬೈದವರು ಮಾತ್ರ ಬೇಕಾದಷ್ಟು. ಸ್ಟೋರ್ಸ್‌ನಲ್ಲಿ ಕೂರುವ ನನಗೆ ಅವನ ಮುಖ ನೋಡಿದರೇ ಆಕಳಿಕೆ ಬರುತ್ತದೆ, ಅಷ್ಟು ದಣಿದಿರುತ್ತಾನೆ.

ಒಮ್ಮೆ ಬಸ್ಸಿನಲ್ಲಿ ತನ್ನ ಕೆಲಸವನ್ನು ವಿವರಿಸಿದ್ದ. ದೊಡ್ಡ ಸರ್ವರಿನೊಳಗೆ ಕಂಟೇನರ್ ಎಂಬ ಸಣ್ಣ ಕೋಣೆಗಳಿರುತ್ತವೆ. ನಮ್ಮ ಹಾಜರಿಯ ಸಾಫ್ಟ್‌ವೇರ್ ಅಂಥ ಒಂದು ಕೋಣೆಯಲ್ಲಿದೆ. ಆ ಕೋಣೆಯನ್ನು ಯಾವಾಗ ಬೇಕಾದರೂ ಕೆಡವಿ ಹೊಸದು ಕಟ್ಟುತ್ತಾರೆ, ಒಳಗಿದ್ದದ್ದೂ ಜೊತೆಗೇ ಹೋಗುತ್ತದೆ. ಅದಕ್ಕೇ ಹಾಜರಿಯನ್ನು ಹೊರಗಿನ ಡಿಸ್ಕಿನ ಫೋಲ್ಡರಿನಲ್ಲಿಟ್ಟು, ಕೋಣೆಯಿಂದ ಅಲ್ಲಿಗೊಂದು ಬಾಗಿಲು ತೆರೆಯಬೇಕು. ಮೌಂಟ್ ಮಾಡುವುದು ಎಂದರೆ ಇಷ್ಟೇ. ಫೋಲ್ಡರಿನ ಹೆಸರನ್ನು ಸರಿಯಾಗಿ ಬರೆದರೆ ಆಯಿತು.

ಆ ಹೆಸರೇ ಕೈಕೊಟ್ಟಿತು. ವೇಮಗಲ್ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕಂಪನಿಯವರು 'ಎಂ' ಆದಮೇಲೆ 'ಎ' ಹಾಕುವುದಿಲ್ಲ. ನಾವು ಬಾಯಲ್ಲಿ ಹೇಳುವ ಹಾಗೆ 'ಎ' ಸೇರಿಸಿಯೇ ಬರೆಯುತ್ತೇವೆ. ಅಪ್‌ಡೇಟ್ ಬಂದು ಕೋಣೆಯನ್ನು ಹೊಸದಾಗಿ ಕಟ್ಟಿದ ದಿನ ಅಮರನಾಥನೂ ಹಾಗೇ ಬರೆದ. ಅಂಥ ಫೋಲ್ಡರ್ ಇಲ್ಲವೆಂದು ಸರ್ವರ್ ತಕರಾರು ತೆಗೆಯಲಿಲ್ಲ. ಅದೇ ಹೆಸರಿನ ಖಾಲಿ ಫೋಲ್ಡರನ್ನು ತಾನೇ ಮಾಡಿಕೊಂಡು, ಇಪ್ಪತ್ತೊಂದು ದಿನದ ಹಾಜರಿಯನ್ನು ಅದಕ್ಕೆ ತುಂಬಿತು. ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಯಂತ್ರ ಕುಯ್ ಎನ್ನುತ್ತಲೇ ಇತ್ತು.

ತಿಂಗಳ ಕೊನೆಯಲ್ಲಿ ನೋಡಿದರೆ ಹಳೆಯ ಹಾಜರಿಯೆಲ್ಲ ಮಾಯ. ಅಮರನಾಥ್ ಸದ್ದಿಲ್ಲದೆ ಆ 'ಎ' ಅಳಿಸಿದ, ಹಳೆಯದು ಬಂತು. ಹೊಸ ಇಪ್ಪತ್ತೊಂದು ದಿನ ಮಾತ್ರ ತಪ್ಪು ಹೆಸರಿನ ಫೋಲ್ಡರಿನಲ್ಲೇ ಉಳಿಯಿತು. ಹೆಡ್ ಆಫೀಸಿನವರು ಇದು ಅಪ್‌ಡೇಟಿನ ದೋಷವೆಂದು ತಾವೇ ತೀರ್ಮಾನಿಸಿ, ಆ ದಿನಗಳ ಸಂಬಳವನ್ನು ಎಲ್ಲರಿಗೂ ಕೊಟ್ಟು, ಬೇಡದ ಫೋಲ್ಡರುಗಳನ್ನು ಶುಕ್ರವಾರ ಅಳಿಸಲು ಹೇಳಿದರು. ಇವನು ಹೂಂ ಎಂದ.

ಗುರುವಾರ ಪ್ಯಾಕಿಂಗ್ ವಿಭಾಗದ ಮುನಿಯಲ್ಲಮ್ಮ ಬಂದಳು. ಕುರುಡುಮಲೆಯವಳು. ವರ್ಷದಲ್ಲಿ ಇನ್ನೂರ ನಲವತ್ತು ದಿನ ಹಾಜರಿಯಿದ್ದರೆ ನಮ್ಮ ಕಂಪನಿಯಲ್ಲಿ ಕಾಯಂ. ಕಂಪ್ಯೂಟರ್ ಅವಳದು ಇನ್ನೂರ ಇಪ್ಪತ್ತಾರು ಎನ್ನುತ್ತಿತ್ತು. ಕಾಯಂ ಆಗುವವರ ಪಟ್ಟಿ ಹೆಡ್ ಆಫೀಸಿಗೆ ಹೋಗುವುದು ಮರುದಿನವೇ.

"ಇಪ್ಪತ್ತೊಂದ್ ದಿನ ನಾನೇನ್ ಮನೇಲ್ ಮಲಗಿದ್ನಾ ಅಣ್ಣಾ? ಮಗೂಗೆ ಜ್ವರ ಇದ್ರೂ ಬಿಟ್ಟು ಬಂದಿದೀನಿ."

ಆ ದಿನಗಳನ್ನು ಸೇರಿಸಲು ಹೆಡ್ ಆಫೀಸಿನ ಒಪ್ಪಿಗೆ ಬೇಕು, ಒಪ್ಪಿಗೆ ಕೇಳಿದರೆ ತಪ್ಪು ಯಾರದೆಂದು ಹೇಳಬೇಕು. ಅಮರನಾಥನ ಹೆಸರಿಗೆ ಆಗಲೇ ಎರಡು ನೋಟಿಸ್ ಇದ್ದವು. ಕ್ಯಾಂಟೀನಿನಲ್ಲಿ ನನ್ನನ್ನು ಕೇಳಿದ. ಸುಮ್ಮನಿರು ಎಂದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

"ಸಾಕಾಗೋಗೈತೆ ಕಣೋ," ಎಂದು ತಟ್ಟೆ ಸರಿಸಿ ಎದ್ದವನು ನೇರ ಹೋಗಿ ಮೇಲ್ ಬರೆದ: ಊರಿನ ಹೆಸರಿಗೆ ಒಂದು ಅಕ್ಷರ ಹೆಚ್ಚು ಬರೆದದ್ದು ನಾನು, ಇಪ್ಪತ್ತೊಂದು ದಿನದ ಹಾಜರಿ ಆ ಫೋಲ್ಡರಿನಲ್ಲಿದೆ, ಅಳಿಸದೆ ಸೇರಿಸಲು ಒಪ್ಪಿಗೆ ಕೊಡಿ.

ದಿನಗಳು ಸೇರಿದವು, ಅವಳದು ಇನ್ನೂರ ನಲವತ್ತೇಳಾಯಿತು. ಇವನಿಗೆ ಮೂರನೆಯ ನೋಟಿಸ್ ಬಂತು. ಸರ್ವರ್ ರೂಮಿನ ಬೀಗದ ಕೈ ಕಿತ್ತುಕೊಂಡು ಮತ್ತೆ ಎಲೆಕ್ಟ್ರಿಕಲ್ ವಿಭಾಗಕ್ಕೆ ಕಳಿಸಿದರು.

ಎರಡು ವಾರದ ಮೇಲೆ ಅವನು ನಮ್ಮ ಸ್ಟೋರ್ಸ್‌ನಲ್ಲಿ ಏಣಿ ಹತ್ತಿ ಟ್ಯೂಬ್‌ಲೈಟ್ ಹಾಕುತ್ತಿದ್ದ, ಏಣಿ ನಾನು ಹಿಡಿದಿದ್ದೆ. ಮುನಿಯಲ್ಲಮ್ಮ ಕಾಯಂ ಆದ ಆರ್ಡರ್ ತೋರಿಸಲು ಬಂದಳು. ಮುಖದ ತುಂಬ ನಗು.

"ನನ್ ಹೆಸ್ರಲ್ಲಿ ಒಂದ್ 'ಎಲ್' ಬಿಟ್ಟೋಗೈತೆ. ಒಂದೇ ಅಕ್ಷರ, ಪರ್ವಾಗಿಲ್ಲ ಅಲ್ವಾ ಅಣ್ಣಾ?"

ಅಮರನಾಥ್ ಟ್ಯೂಬ್‌ಲೈಟನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದ. ಅವಳ ಕೈಯಿಂದ ಕಾಗದ ತೆಗೆದುಕೊಂಡು, ತನ್ನನ್ನು ಹೊರಹಾಕಿದ ಆ ಆಫೀಸಿನ ಮೆಟ್ಟಿಲನ್ನು ನಿಧಾನಕ್ಕೆ ಹತ್ತಿದ.