ನಂಜುಂಡಣ್ಣನ ಫೈಲಿನ ಪೆನ್ಸಿಲ್ ಗುರುತು

ರೇಷ್ಮೆಗೆ ತೇವ ಹಿಡಿದರೆ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಒದ್ದೆ ಕೂದಲಿನ ವಾಸನೆಗೆ ಹತ್ತಿರದ್ದು. ಕಳೆದ ವಾರ ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಅದು ಮೂಗಿಗೆ ಬಡಿಯಿತು. ಹಳೆಯ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ರದ್ದಿಗೆ ಹಾಕಬೇಕೆಂದು ಅಪ್ಪಣೆಯಾಗಿತ್ತು. ಎಲ್ಲಕ್ಕೂ ಬಿಳಿ ಲಾಡಿ. ಒಂದಕ್ಕೆ ಮಾತ್ರ ಅರಿಸಿನ ಬಣ್ಣದ ರೇಷ್ಮೆ ದಾರ. ಕಟ್ಟಿದವನು ನಂಜುಂಡಣ್ಣ, ನಮ್ಮ ಎದುರು ಮನೆಯ ನೇಕಾರ. ನನ್ನ ಮೇಜಿನ ಮುಂದೆ ನಿಂತೇ ಕಟ್ಟಿದ್ದ. "ನಿಮ್ ಲಾಡಿ ಪಿಸ್ದೋಯ್ತದೆ ಕಣ್ಲಾ. ಇದು ನಾನ್ ಸತ್ರೂ ಬಿಚ್ಚಕಿಲ್ಲ" ಅಂದಿದ್ದ.

ಅಂದಿದ್ದನೇ? ಅಥವಾ ಅವನು ಹೋದಮೇಲೆ ನಾನೇ ಅವನ ಬಾಯಿಗಿಟ್ಟ ಮಾತೇ ಇದು? ಹೇಳಲಾರೆ. ಇಂಥ ಅನುಮಾನ ಮುಂದೆಯೂ ಬರುತ್ತದೆ, ಸಹಿಸಿಕೊಳ್ಳಿ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ದೇವರಿಂದ ಹಿಡಿದು ಹಾಸ್ಟೆಲ್ಲಿನ ಸಾಂಬಾರಿನವರೆಗೆ ಎಲ್ಲವನ್ನೂ ಸಂಶಯಿಸುವುದನ್ನು ಕಲಿತೆ. ಅದರಿಂದ ಸಿಕ್ಕ ಕೆಲಸ ಮಾತ್ರ ಇದು: ಡಾಕ್ಟರು ಬರೆದದ್ದನ್ನು ಓದಿ, ಪ್ರತಿ ಕಾಯಿಲೆಗೂ ಗೊತ್ತುಮಾಡಿರುವ ಕೋಡು ಹಾಕುವುದು, ರೋಗಿಯ ಕೈಗೆ ಹೋಗುವ ಚೀಟಿಯಲ್ಲಿ ಕಾಯಿಲೆಯ ಹೆಸರು ಟೈಪ್ ಮಾಡುವುದು. ಗೋಪಿನಾಥಂನಿಂದ ಬಸ್ಸು ಹಿಡಿದು ಬಂದವರ ಜ್ವರಕ್ಕೊಂದು, ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದವರ ಮೂಳೆಗೊಂದು. ಓದಿದ ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕುವುದು ನನ್ನ ಅಭ್ಯಾಸ. ಯಾರೂ ಹೇಳಿಕೊಟ್ಟದ್ದಲ್ಲ. ಓದಿದೆನೋ ಇಲ್ಲವೋ ಎಂದು ನನ್ನನ್ನೇ ನಂಬದ ಚಾಳಿ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಹೊರರೋಗಿಯ ಹಾಳೆಯಲ್ಲಿ ಡಾಕ್ಟರು ಕಾಯಿಲೆಯ ಹೆಸರಿಗೆ ಪ್ರಶ್ನೆಯ ಚಿಹ್ನೆ ಹಾಕಿದ್ದರೆ ಅದು ಅವರ ಅನುಮಾನ. ಅದಕ್ಕೆ ಕೋಡು ಹಾಕುವಂತಿಲ್ಲ. ಕರುಳಿನ ಕ್ಯಾನ್ಸರ್ ಇರಬಹುದೇ ಎಂದು ಬರೆದಿದ್ದರೆ, ಪರೀಕ್ಷೆಯಾಗುವ ತನಕ 'ಮಲದಲ್ಲಿ ರಕ್ತ' ಎಂದಷ್ಟೇ ದಾಖಲಿಸಬೇಕು. ಒಳ್ಳೆಯ ನಿಯಮವೇ. ಸುಮ್ಮಸುಮ್ಮನೆ ಯಾರ ಹೆಸರಿಗೂ ಆ ಮಾತು ಅಂಟಬಾರದು.

ನಂಜುಂಡಣ್ಣ ಬಂದದ್ದು ಮಂಗಳವಾರ, ಮೈಸೂರಿನ ಸರ್ಜನ್ ಬರುವ ದಿನ. ಡಾಕ್ಟರನ್ನು ನೋಡಿ ಬಂದು ಫೈಲನ್ನು ನನ್ನ ಮೇಜಿನ ಮೇಲೆ ಎಸೆದ.

"ಏನಂದ್ರಣ್ಣಾ?"

"ಏನಂದಾರು? ನಮ್ದು ಕುಣಿ ಕಾಯ್ಲೆ ಕಣ್ಲಾ. ನಮ್ಮಪ್ಪಂಗಿತ್ತು, ನಮ್ ದೊಡ್ಡಪ್ಪಂಗಿತ್ತು. ಇಡೀ ದಿನ ಮಗ್ಗದ ಕುಣೀಲಿ ಕುಂತ್ರೆ ರಕ್ತ ಬೀಳ್ದೆ ರೇಷ್ಮೆ ಬಿದ್ದದಾ? ಬರ್ಕೋ ಎಮ್ಮೆಸ್ಸಿ, ಮೂಲವ್ಯಾಧಿ. ಎಷ್ಟ್ನೇ ನಂಬ್ರು ಅದು?"

"ಕೆ ಅರವತ್ನಾಕು."

"ನೋಡ್ರಪ್ಪಾ, ನಮ್ ಕುಂಡಿಗೂ ಒಂದು ನಂಬ್ರು ಬಂತು!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಆ ನಗುವಿನಲ್ಲೇ ಚೀಟಿಯಲ್ಲಿ 'ಮೂಲವ್ಯಾಧಿ' ಎಂದು ಟೈಪ್ ಮಾಡಿದೆ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರಿಗೆ ಬರುವುದು ಅದೇ ಎಂದು ನಮ್ಮ ಬೀದಿಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದೆ. ದೇವರನ್ನೇ ಸಂಶಯಿಸಿದ ಬುದ್ಧಿವಂತ ಅದೊಂದನ್ನು ಸಂಶಯಿಸಲಿಲ್ಲ.

ಮೈಸೂರಿಗೆ ಬಂದು ಪರೀಕ್ಷೆ ಮಾಡಿಸಿಕೋ ಎಂದು ಡಾಕ್ಟರು ಬಾಯಲ್ಲಿ ಹೇಳಿದ್ದರಂತೆ. ಮೂಲವ್ಯಾಧಿಯ ಆಪರೇಷನ್ನಿಗೆ ಕರೆಯುತ್ತಿದ್ದಾರೆಂದು ಅವನು ಹೆದರಿದ. ಅವನ ಹೆಂಡತಿ ರಾಜಮ್ಮಕ್ಕನ ತವರು ಯಳಂದೂರು. ಅಲ್ಲೊಬ್ಬ ನಾಟಿ ವೈದ್ಯ ಮೂಲವ್ಯಾಧಿಗೆ ಹೆಸರುವಾಸಿ. ಏನು ಕಾಯಿಲೆ ಎಂದು ಆತ ಕೇಳಿದಾಗ ರಾಜಮ್ಮಕ್ಕ ನನ್ನ ಚೀಟಿ ತೋರಿಸಿದರು: "ಆಸ್ಪತ್ರೆಯೋರೇ ಬರ್ದವ್ರೆ." ಎಂಟು ತಿಂಗಳು ನಂಜುಂಡಣ್ಣ ಮಜ್ಜಿಗೆಯಲ್ಲಿ ಬೇರಿನ ಪುಡಿ ಕುಡಿದ. ಮಗ್ಗದ ತುಳಿ ಒತ್ತಲು ಕಾಲಲ್ಲಿ ಬಲವಿಲ್ಲದಾದಾಗ ಮೈಸೂರಿಗೆ ಹೋದರು. ಅಲ್ಲಿಂದ ಬಂದ ವರದಿಗೂ ಕೋಡು ಹಾಕಿದವನು ನಾನೇ. ಸಿ ಹದಿನೆಂಟು, ಚುಕ್ಕೆ, ಏಳು: ದೊಡ್ಡ ಕರುಳಿನ ಕೊನೆಯ ತಿರುವು. ಕೆಳಗೆ, ಲಿವರಿಗೆ ಹರಡಿದ್ದಕ್ಕೆ, ಇನ್ನೊಂದು. ಒಂದಕ್ಷರ ತಪ್ಪಲಿಲ್ಲ. ಈ ಸಲ ಅವನು ನಂಬರು ಕೇಳಲಿಲ್ಲ. ಫೈಲಿನ ಲಾಡಿ ಬಿಚ್ಚಿ, ಜೇಬಿನಿಂದ ರೇಷ್ಮೆ ದಾರ ತೆಗೆದು ಕಟ್ಟಿದ.

ಅವನು ತೀರಿಹೋದಮೇಲೆ ರಾಜಮ್ಮಕ್ಕ ಸಿಕ್ಕಾಗಲೆಲ್ಲ ಒಂದೇ ಮಾತು. "ನಾನೇ ಕಣಪ್ಪಾ ಕೊಂದೋಳು. ತವ್ರೂರು ಅಂತ ಎಳ್ಕಂಡೋದೆ. ಎಂಟು ತಿಂಗ್ಳು ಕಣಪ್ಪಾ."

"ಬಿಡಿ ಅಕ್ಕ, ನಿಮ್ದೇನಿದೆ ಅದ್ರಲ್ಲಿ" ಅನ್ನುತ್ತಿದ್ದೆ. ಯಾರದು ಎಂದು ಹೇಳುತ್ತಿರಲಿಲ್ಲ.

ಯಾಕೆಂದರೆ ನನಗೆ ಸಂಶಯವಿತ್ತು. ಡಾಕ್ಟರ ಹಾಳೆಯ ಕೊನೆಯಲ್ಲಿ ನೀಲಿ ಶಾಯಿಯ ಒಂದು ಪ್ರಶ್ನೆಯ ಚಿಹ್ನೆ ಒಮ್ಮೊಮ್ಮೆ ನೆನಪಿಗೆ ಬರುತ್ತಿತ್ತು. ಮರುದಿನ ನೆನೆದರೆ ಅಲ್ಲೇನೂ ಇರುತ್ತಿರಲಿಲ್ಲ. ಇದ್ದರೂ ನಾನು ನೋಡಿರಲಿಕ್ಕಿಲ್ಲ, ಹಾಳೆ ಮಡಚಿಕೊಂಡಿತ್ತೇನೋ, ಅಂದು ಜನ ಹೆಚ್ಚಿತ್ತೇನೋ. ನೆನಪು ನಂಬಿಕೆಗೆ ಅರ್ಹವಲ್ಲ ಎಂದು ವಿಶ್ವವಿದ್ಯಾಲಯ ಕಲಿಸಿದ ಪಾಠ ಇಷ್ಟು ವರ್ಷ ನನ್ನನ್ನು ಕಾಪಾಡಿತು. ಫೈಲು ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು. ತೆಗೆದು ನೋಡಲಿಲ್ಲ.

ಕಳೆದ ವಾರ ನೋಡಲೇಬೇಕಾಯಿತು. ಗಂಟು ಬಿಚ್ಚಲಿಲ್ಲ, ಬ್ಲೇಡಿನಿಂದ ಕತ್ತರಿಸಿದೆ. ಪ್ರಶ್ನೆಯ ಚಿಹ್ನೆ ಇತ್ತು. ಅದರ ಪಕ್ಕದಲ್ಲಿ, ಕರುಳಿನಲ್ಲಿ ಗೆಡ್ಡೆ ಇರಬಹುದು, ಕೊಲೊನೋಸ್ಕೋಪಿ ಬೇಗ ಆಗಬೇಕು ಎಂದಿತ್ತು; 'ಬೇಗ' ಎಂಬುದರ ಕೆಳಗೆ ಎರಡು ಗೆರೆ. ಎಡಗಡೆಯ ಅಂಚಿನಲ್ಲಿ, ಅಷ್ಟು ವರ್ಷವಾದರೂ ಮಾಸದೆ, ನನ್ನ ಪೆನ್ಸಿಲ್ಲಿನ ಗುರುತು.

ನಾನು ಓದಿದ್ದೆ.

ಕಂಪ್ಯೂಟರು ಆ ಹಾಳೆಯ ಚಿತ್ರವನ್ನು ಉಳಿದವುಗಳಂತೆಯೇ ನುಂಗಿತು. ಹಾಳೆಯನ್ನು ರದ್ದಿಗೆ ಹಾಕಲಾರದೆ ಸಂಜೆ ಎದುರು ಮನೆಗೆ ಒಯ್ದೆ. ರಾಜಮ್ಮಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಇಂಗ್ಲಿಷ್ ಬಾರದು. ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ನೀನ್ ಬರ್ದಿರಾದು ಯಾವ್ದಪ್ಪಾ?"

ತೋರಿಸಿದೆ. ಅಕ್ಕಿಕಾಳಿನಷ್ಟಿದ್ದ ಆ ಗುರುತಿನ ಮೇಲೆ ಅವರು ಬೆರಳಿಟ್ಟರು.

"ಇಷ್ಟೇಯಾ?"

"ಇಷ್ಟೇ ಅಕ್ಕ."

ಹಾಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಮಡಚಿ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯತೊಡಗಿದರು.